ಧೂಳಿನ ಸದ್ದು, ಮಾವನ ಚಹಾ

ನಾನು ಧೂಳು ಎಣಿಸುವ ನೌಕರಿ ಮಾಡುತ್ತೇನೆ ಎಂದು ನಮ್ಮ ಅತ್ತೆ ಕೋಥರೂಡದ ನಮ್ಮ ಸೊಸೈಟಿಯ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದರು. ಅದು ಸುಳ್ಳೇನೂ ಅಲ್ಲ. ಸೂರ್ಯನ ಸುತ್ತ ತಿರುಗುತ್ತಿರುವ ಒಂದು ನೌಕೆಗೆ ಬಾಹ್ಯಾಕಾಶದ ಧೂಳಿನ ಕಣಗಳು ಬಂದು ಬಡಿಯುತ್ತಿರುತ್ತವೆ. ಆ ಬಡಿತದ ಗುರುತು ನೌಕೆಯ ರೇಡಿಯೋ ಆಂಟೆನಾಗಳು ಕಳಿಸುವ ಸಂಕೇತಗಳಲ್ಲಿ ಮೂಡಿರುತ್ತದೆ. ಅದನ್ನು ಹುಡುಕಿ ತೆಗೆಯುವುದು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನಗೆ ಕೊಟ್ಟಿದ್ದ ಕೆಲಸ. ಆದರೆ ಅತ್ತೆಯ ಬಾಯಿಂದ ಅದು ಹೊರಬರುವಾಗ ನೌಕೆ, ಸೂರ್ಯ, ಆಂಟೆನಾ ಎಲ್ಲ ಉದುರಿ ಬರೀ ಧೂಳು ಉಳಿಯುತ್ತಿತ್ತು. ಒಮ್ಮೆ ಬಿ ವಿಂಗಿನ ಒಬ್ಬ ಹೆಂಗಸು ಲಿಫ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ಗೇಟಿನೆದುರು ಕಟ್ಟುತ್ತಿರುವ ಕಟ್ಟಡದಿಂದ ಹಾರುವ ಧೂಳಿನ ಬಗ್ಗೆ ಮರಾಠಿಯಲ್ಲಿ ದೂರು ಕೊಟ್ಟರು. ಹಸಿರು ಜಾಲರಿ ಕಟ್ಟಿಸುವಂತೆ ನಿಮ್ಮ ಸಾಹೇಬರಿಗೆ ಹೇಳಿ ಎಂದರು. ನಾನು ಗಂಭೀರವಾಗಿ, ಹೇಳುತ್ತೇನೆ, ಆದರೆ ನಮ್ಮ ಇಲಾಖೆ ಸ್ವಲ್ಪ ಮೇಲಿನ ಧೂಳನ್ನು ಮಾತ್ರ ನೋಡಿಕೊಳ್ಳುತ್ತದೆ ಎಂದೆ. ಎಷ್ಟನೇ ಮಹಡಿಯಿಂದ ಮೇಲೆ ಎಂದು ಅವರು ಕೇಳಿದರು.

ಅತ್ತೆಗೆ ಧೂಳೆಂದರೆ ಹಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒದ್ದೆ ಬಟ್ಟೆ ಹಿಡಿದುಕೊಂಡು ಬಾಲ್ಕನಿಯ ಕಂಬಿ, ಟಿ.ವಿ., ದೇವರ ಕಟ್ಟೆ ಎಲ್ಲವನ್ನೂ ಒರೆಸುತ್ತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುವ ದಿನ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಟೇಬಲ್ಲಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, "ಮ್ಯಾಲಿಂದು ಎಣಸೂದು ಮುಗದ ಮ್ಯಾಲ ಇದನ್ನೂ ಒಂದೀಟು ಎಣಸವಾ" ಎನ್ನುತ್ತಿದ್ದರು. ಇಂದಾಪುರದಲ್ಲಿದ್ದ ತಮ್ಮ ತಂಗಿಗೆ ಫೋನಿನಲ್ಲಿ ನನ್ನ ಕೆಲಸವನ್ನು ವಿವರಿಸುವಾಗ, ಅವಳು ಆ ಧೂಳನ್ನು ಕಂಡಿಲ್ಲ, ಮುಟ್ಟಿಲ್ಲ, ಆದರೂ ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ ಎಂದು ಒಂಥರಾ ಹೆಮ್ಮೆಯಲ್ಲೇ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಮಾವ ವಿಜಯಪುರದ ಕಡೆಯಿಂದ ಹುಡುಗಪ್ರಾಯದಲ್ಲೇ ಪುಣೆಗೆ ಬಂದವರು. ಧಾನ್ಯದ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿ ದುಡಿದು ನಿವೃತ್ತರಾಗಿದ್ದರು. ಮಾತು ಕಡಿಮೆ, ಚಹಾ ಜಾಸ್ತಿ. ಆ ವರ್ಷ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಗೊತ್ತಾಗಿ, ಡಾಕ್ಟರು ಸಕ್ಕರೆ ಹಾಕಿದ ಚಹಾ ಬಿಡಿ ಎಂದರು. ಅತ್ತೆ ಆ ಮಾತನ್ನು ಕಾನೂನು ಮಾಡಿದರು. ಬೆಳಿಗ್ಗೆ ಒಂದು ಕಪ್ಪು, ಸಂಜೆ ಒಂದು ಕಪ್ಪು, ಎರಡೂ ಸಪ್ಪೆ. ಮಾವ ಪ್ರತಿಭಟಿಸಲಿಲ್ಲ. ಅವರು ಇಷ್ಟು ಸುಲಭವಾಗಿ ಒಪ್ಪಿದ್ದನ್ನು ನೋಡಿಯೇ ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಬೆಡ್‌ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ನನ್ನ ಮೂಗಿಗೆ ಗೊತ್ತಾಗುತ್ತಿತ್ತು. ಶುಂಠಿ ಜಜ್ಜಿದ ವಾಸನೆ ಯಾರಿಗೆ ತಿಳಿಯುವುದಿಲ್ಲ? ಆದರೆ ಗಂಡ ಹೆಂಡತಿಯ ನಡುವಿನ ವ್ಯವಹಾರದಲ್ಲಿ ಸೊಸೆ ಬಾಯಿ ಹಾಕಬಾರದು ಎಂದು ನಾನು ಸುಮ್ಮನಿದ್ದೆ.

ಒಂದು ಭಾನುವಾರ ಮಾವ ಕ್ಷೌರಕ್ಕೆ ಹೋಗಿದ್ದರು. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, ಧೂಳು ಹಿಡಿಯಬೇಕಾದರೆ ಬಟ್ಟೆಯೋ ಜರಡಿಯೋ ಬೇಕಲ್ಲ, ರೇಡಿಯೋದ ಕಡ್ಡಿಯಿಂದ ಧೂಳು ಹಿಡಿಯುವುದು ಹೇಗೆ ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವರು ನನ್ನ ಕೆಲಸದ ಬಗ್ಗೆ ನಿಜವಾದ ಪ್ರಶ್ನೆ ಕೇಳಿದ್ದರು. ನನಗೆ ಖುಷಿಯಾಗಿ ನಾನೂ ಸೊಪ್ಪಿನ ಮುಂದೆ ಕೂತೆ.

ಆ ಆಂಟೆನಾಗಳನ್ನು ಧೂಳಿಗೆಂದು ಇಟ್ಟದ್ದಲ್ಲ ಎಂದು ಹೇಳಿದೆ. ಹಿಂದೆ ಬೇರೆ ನೌಕೆಗಳಲ್ಲೂ ಹೀಗೆಯೇ ಆಗಿತ್ತು. ಗ್ರಹಗಳಿಂದ ಬರುವ ರೇಡಿಯೋ ಅಲೆಗಳನ್ನು ಕೇಳಲೆಂದು ಕಡ್ಡಿ ಚಾಚಿಕೊಂಡು ಹೋದ ನೌಕೆ, ಬಳೆಯಿರುವ ಗ್ರಹವೊಂದರ ಪಕ್ಕದಲ್ಲಿ ಹಾದಾಗ ಯಾರೂ ಎಣಿಸದಷ್ಟು ಪಟಪಟ ಸದ್ದು ಬಂತು. ನೋಡಿದರೆ ಬಳೆಯ ಧೂಳು ನೌಕೆಯ ಮೈಗೆ ಬಡಿಯುತ್ತಿತ್ತು. ಕಣ ಎಷ್ಟು ಸಣ್ಣದೆಂದರೆ ರಂಗೋಲಿ ಪುಡಿ ಅದರ ಮುಂದೆ ಕಲ್ಲುಗುಂಡು. ಆದರೆ ಅದು ಬರುವ ವೇಗಕ್ಕೆ, ಬಡಿದ ಕ್ಷಣವೇ ತಾನೂ ಆವಿಯಾಗಿ, ಬಡಿದ ಜಾಗದ ಲೋಹವನ್ನೂ ಒಂದಿಷ್ಟು ಆವಿ ಮಾಡುತ್ತದೆ. ಆ ಆವಿಯಲ್ಲಿ ವಿದ್ಯುತ್ತು ಇರುತ್ತದೆ. ಅದು ಹರಡುವಾಗ ಪಕ್ಕದ ಆಂಟೆನಾ ಒಮ್ಮೆ ಬೆಚ್ಚಿಬೀಳುತ್ತದೆ. ಆ ಬೆಚ್ಚಿದ ಗುರುತನ್ನು ನಾವು ಇಲ್ಲಿ ಕೂತು ನೋಡುತ್ತೇವೆ, ಬೇಕಾದರೆ ಸದ್ದಾಗಿಸಿ ಕೇಳುತ್ತೇವೆ.

ಅತ್ತೆ ಪೂರ್ತಿ ಕೇಳಿಸಿಕೊಂಡು, ಅಲ್ಲಿ ಬಡಿದದ್ದು ತಂತಿಯಿಲ್ಲದೆ ಕಡ್ಡಿಗೆ ಹೇಗೆ ತಿಳಿಯುತ್ತದೆ ಎಂದರು. ಬಾಯಿಮಾತಿನಲ್ಲಿ ಇದು ಆಗುವುದಲ್ಲ ಅನ್ನಿಸಿತು. ಕಪಾಟಿನಲ್ಲಿ ಮಾವನ ಹಳೆಯ ಟ್ರಾನ್ಸಿಸ್ಟರ್ ಇತ್ತು. ತೆಗೆದು, ಗೋಡೆ ಗಡಿಯಾರದ ಸೆಲ್ ಕಿತ್ತು ಹಾಕಿ, ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಊಟದ ಟೇಬಲ್ಲಿನ ಮೇಲಿಟ್ಟೆ. ಅದು ಸಣ್ಣಗೆ ಸುಯ್ಯೆನ್ನುತ್ತಿತ್ತು. ಅಡುಗೆಮನೆಯಿಂದ ಗ್ಯಾಸ್ ಲೈಟರ್ ತಂದು ಸ್ವಲ್ಪ ದೂರ ನಿಂತು ಒಮ್ಮೆ ಒತ್ತಿದೆ. ಲೈಟರಿನ ಟಕ್ ಎಂಬ ಸದ್ದಿನ ಜೊತೆಗೇ ರೇಡಿಯೋ ಚಟ್ ಎಂದಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಚಟ್. ಲೈಟರಿನ ಕಿಡಿಯೂ ಧೂಳಿನ ಬಡಿತವೂ ಒಂದೇ ಅಲ್ಲ. ಆದರೆ ಎಲ್ಲೋ ಒಂದು ಕಡೆ ಸಣ್ಣ ಕಿಡಿ, ಇನ್ನೆಲ್ಲೋ ಆಂಟೆನಾದ ಬೆಚ್ಚು ಎಂಬಷ್ಟು ತಿಳಿದರೆ ಸಾಕಿತ್ತು.

ಅತ್ತೆ ಸೊಪ್ಪು ಬಿಟ್ಟು ಎದ್ದರು. ಲೈಟರನ್ನು ನನ್ನ ಕೈಗೇ ಬಿಟ್ಟು, ರೇಡಿಯೋ ಎತ್ತಿಕೊಂಡು ತಾವು ಪಡಸಾಲೆಗೆ ಹೋಗಿ ಅಲ್ಲಿಂದ, ಒತ್ತು ಎಂದರು. ಚಟ್. ಬೆಡ್‌ರೂಮಿಗೆ ಹೋಗಿ ಅಲ್ಲಿಂದ, ಒತ್ತು ಎಂದರು. ಸಣ್ಣಗೆ ಚಟ್. ಬಾಗಿಲು ಮುಂದೆ ಮಾಡಿ ಮತ್ತೆ ಒತ್ತಿಸಿದರು. ಆಗಲೂ ಕೇಳಿಸಿತು. ಹೊರಗೆ ಬಂದಾಗ ಅವರ ಮುಖದಲ್ಲಿ ಎಂಥ ಬೆಳಕು ಇತ್ತೆಂದರೆ, ಅತ್ತೆಗೆ ವಿಜ್ಞಾನದ ರುಚಿ ಹತ್ತಿತು ಎಂದು ನಾನು ಒಳಗೊಳಗೇ ಬೀಗಿದೆ.

"ಒಲಿ ಹಚ್ಚಿದ್ದು ಮಂಚದ ಮ್ಯಾಲ ಮಕ್ಕೊಂಡ ತಿಳೀತದಲ್ಲ" ಎಂದರು ಅತ್ತೆ.

ಆಗಲೂ ನನಗೆ ಹೊಳೆಯಲಿಲ್ಲ.

ಮರುದಿನದಿಂದ ಅತ್ತೆ ಮಧ್ಯಾಹ್ನ ಮಲಗುವಾಗ ಟ್ರಾನ್ಸಿಸ್ಟರನ್ನು ದಿಂಬಿನ ಪಕ್ಕ ಇಟ್ಟುಕೊಳ್ಳತೊಡಗಿದರು. ಊರ ಕಡೆಯ ಸ್ಟೇಷನ್ನಿನಲ್ಲಿ ಭಜನೆ ಬರುತ್ತದೆ, ಕೇಳುತ್ತ ಮಲಗಿದರೆ ನಿದ್ದೆ ಹತ್ತುತ್ತದೆ ಎಂದರು. ಇದರಿಂದ ಅತ್ಯಂತ ಸಂತೋಷಪಟ್ಟವರು ಮಾವ. ರೇಡಿಯೋ ಸದ್ದಿದ್ದರೆ ಪಾತ್ರೆಯ ಸದ್ದು ಕೇಳಿಸುವುದಿಲ್ಲವಲ್ಲ. ಗಡಿಯಾರ ನಿಂತದ್ದನ್ನು ನೋಡಿ, ತಾವೇ ಕೆಳಗೆ ಹೋಗಿ ಹೊಸ ಸೆಲ್‌ಗಳನ್ನು ತಂದು, ಒಂದನ್ನು ಗಡಿಯಾರಕ್ಕೆ, ಇನ್ನೊಂದನ್ನು ರೇಡಿಯೋಕ್ಕೆ ಹಾಕಿಕೊಟ್ಟರು. ಬಾಗಿಲಿನ ಸಂದಿಯಿಂದ ಭಜನೆಯ ಬದಲು ಬರೀ ಸುಯ್ ಸದ್ದು ಬರುವುದನ್ನು ಕೇಳಿ ಒಮ್ಮೆ ವಿಚಾರಿಸಿದರು. ಅತ್ತೆ, ಊರ ಸ್ಟೇಷನ್ನು ದೂರದಿಂದ ಬರಬೇಕು, ಹೊತ್ತು ಹಿಡಿಯುತ್ತದೆ ಎಂದರು.

ಮೊದಲ ಸಲ ಮಾವ ಸಿಕ್ಕಿಬಿದ್ದ ದಿನ ನಾನು ಮನೆಯಲ್ಲಿದ್ದೆ. ಶುಂಠಿಯ ವಾಸನೆ ಬಂತು. ಚಹಾ ಉಕ್ಕಿ ಬಂದದ್ದು, ಗ್ಯಾಸ್ ಆರಿದ್ದು, ಕಪ್ಪಿಗೆ ಸೋಸುವ ಸದ್ದು ಕೇಳಿಸಿತು. ಅಷ್ಟರಲ್ಲಿ ಬೆಡ್‌ರೂಮಿನ ಬಾಗಿಲು ತೆರೆದು ಅತ್ತೆ ಬರಿಗಾಲಲ್ಲಿ ನಡೆದುಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಬೈಯಲಿಲ್ಲ. ಕಪ್ಪು ತೆಗೆದುಕೊಂಡು, ಒಂದು ಗುಟುಕು ಕುಡಿದು, ಸಕ್ಕರೆ ಭಾಳ ಆಯಿತು ಎಂದು ಸಿಂಕಿಗೆ ಚೆಲ್ಲಿದರು. ಮಾವ ಸೋಸುವ ಜಾಳಿಗೆ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಮಾವ ಕುಡಿಯುವ ಹೊತ್ತಿಗೇ ಅತ್ತೆ ಬಂದು ನಿಲ್ಲುತ್ತಿದ್ದರೇ ಹೊರತು ಒಲೆ ಹಚ್ಚಿದ ಹೊತ್ತಿಗಲ್ಲ. ಚಟ್ ಎಂದ ಮೇಲೆ ಚಹಾ ಕುದಿಯುವಷ್ಟು ಹೊತ್ತು ಆರಾಮಾಗಿ ಮಲಗಿದ್ದು ಆಮೇಲೆ ಏಳುತ್ತಿದ್ದರು ಎಂದು ನನಗೆ ನಂತರ ತಿಳಿಯಿತು.

ಎರಡನೇ ಸಲ ಸಿಕ್ಕಿಬಿದ್ದ ಮೇಲೆ ಮಾವ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತು, ಹಾಗೆ ಹೀಗೆ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು.

"ನೀ ಏನರೆ ಹೇಳ್ತೀ ಏನವಾ, ನಿಮ್ಮ ಅತ್ತಿಗೆ?"

"ಇಲ್ರಿ ಮಾವಾರ. ನಾ ಒಂದು ಮಾತೂ ಹೇಳಿಲ್ಲ."

ಅದು ನಿಜವಾಗಿತ್ತು. ನಿಜ ಹೇಳುವಾಗಲೂ ಮುಖ ಗಂಭೀರವಾಗಿಟ್ಟುಕೊಳ್ಳಲು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಅಷ್ಟು ಹೊತ್ತಿಗೆ ನನಗೆ ಎಲ್ಲ ಹೊಳೆದಿತ್ತು.

ಮಾವ ನನ್ನನ್ನು ನಂಬಿದರು, ಆದರೆ ಅಡುಗೆಮನೆಯನ್ನು ನಂಬಲಿಲ್ಲ. ಎಲ್ಲೋ ಕ್ಯಾಮೆರಾ ಇಟ್ಟಿದ್ದಾರೆ ಎಂದು ಅವರಿಗೆ ಅನುಮಾನ ಬಂತು. ಡಬ್ಬಿಗಳ ಹಿಂದೆ ನೋಡಿದರು. ಎಕ್ಸಾಸ್ಟ್ ಫ್ಯಾನಿನ ಮುಚ್ಚಳ ಬಿಚ್ಚಿದರು. ಅದನ್ನು ಕಂಡ ಅತ್ತೆ, ಇಷ್ಟು ವರ್ಷದ ನಂತರ ಗಂಡ ತಾನಾಗಿ ಫ್ಯಾನ್ ಒರೆಸಲು ಹತ್ತಿದ್ದಾರೆ ಎಂದು ಸೋಪಿನ ನೀರು ತಂದುಕೊಟ್ಟರು. ಮಾವ ಬೇರೆ ದಾರಿಯಿಲ್ಲದೆ ಅದನ್ನು ಪೂರ್ತಿ ತೊಳೆದು ಮತ್ತೆ ಕೂರಿಸಿದರು.

ನನ್ನ ಗಂಡ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ಸಂಜೆಯೇ ಮನೆ. ರಾತ್ರಿಯ ಊಟದ ನಂತರ ನಾನು ಅವನಿಗೆ ಎಲ್ಲ ಹೇಳಿದೆ. ಅವನು ದಿಂಬಿಗೆ ಮುಖ ಒತ್ತಿಕೊಂಡು ನಕ್ಕ. ಅಪ್ಪನ ಪಕ್ಷ ಹಿಡಿದರೂ ಅಮ್ಮನ ಗುಟ್ಟು ಬಿಟ್ಟುಕೊಡುವ ಹಾಗಿಲ್ಲವಲ್ಲ. ಅದಕ್ಕೇ ಮರುದಿನ ಏನೂ ವಿವರಿಸದೆ ಅಪ್ಪನ ಕಿಸೆಗೆ ಒಂದು ಕಡ್ಡಿಪೆಟ್ಟಿಗೆ ಸೇರಿಸಿ, ಲೈಟರಿಗಿಂತ ಇದು ಚಲೋ ಎಂದಷ್ಟೇ ಹೇಳಿ ಬಸ್ಸಿಗೆ ಹೋದ. ಕಡ್ಡಿ ಗೀರಿದರೆ ರೇಡಿಯೋಕ್ಕೆ ಏನೂ ತಿಳಿಯುವುದಿಲ್ಲ. ಒಂದೆರಡು ದಿನ ಮಾವ ನಿಶ್ಚಿಂತೆಯಿಂದ ಚಹಾ ಕುಡಿದರು. ಆಮೇಲೆ ಅತ್ತೆ ನಿದ್ದೆಯಿಂದೆದ್ದು ಅಡುಗೆಮನೆಗೆ ಬಂದವರು ಗಾಳಿಯನ್ನು ಮೂಸಿ, ದೀಪ ಹಚ್ಚದೆ ಕಡ್ಡಿ ಸುಟ್ಟ ವಾಸನೆ ಹೇಗೆ ಬಂತು ಎಂದು ಕೇಳಿದರು. ಅಂದಿನಿಂದ ಮನೆಯ ಕಡ್ಡಿಪೆಟ್ಟಿಗೆಗಳೆಲ್ಲ ಅವರ ಕಪಾಟು ಸೇರಿದವು.

ಇತ್ತ ಆಫೀಸಿನಲ್ಲಿ ನನ್ನ ಚಹಾವೂ ಕಹಿಯಾಗಿತ್ತು. ನೌಕೆ ಸೂರ್ಯನಿಗೆ ಹತ್ತಿರವಾದ ಒಂದು ಸುತ್ತಿನಲ್ಲಿ ನನಗೆ ಧೂಳಿನ ಬಡಿತಗಳು ರಾಶಿ ರಾಶಿ ಸಿಕ್ಕಿದ್ದವು. ಹಳೆಯ ಧೂಮಕೇತುವೊಂದು ಬಿಟ್ಟುಹೋದ ಧೂಳಿನ ಹಾದಿಯನ್ನು ನೌಕೆ ದಾಟಿದೆ ಎಂದು ನಾನು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ನಮ್ಮ ತಂಡದ ಹಿರಿಯರು ಒಬ್ಬ ಮರಾಠಿ ಗೃಹಸ್ಥರು, ಯಾವತ್ತೂ ದನಿ ಎತ್ತುವವರಲ್ಲ. ಅವರು ನನ್ನ ಪರದೆಯ ಮೇಲಿನ ಸಂಕೇತದ ಗೆರೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಇದರಲ್ಲಿ ಎಷ್ಟು ಧೂಳು, ಎಷ್ಟು ನೌಕೆಯ ಸ್ವಂತ ಕೆಮ್ಮು ಎಂದು ಕೇಳಿದರು. ನೌಕೆ ತನ್ನ ದಿಕ್ಕು ತಿದ್ದಿಕೊಳ್ಳಲು ಸಣ್ಣ ಎಂಜಿನ್ನುಗಳನ್ನು ಆಗಾಗ ಹಚ್ಚುತ್ತದೆ. ಅದಕ್ಕೂ ಆಂಟೆನಾ ಬೆಚ್ಚುತ್ತದೆ. ಎರಡನ್ನೂ ಬೇರೆ ಮಾಡಬೇಕಾದರೆ ಒಂದೇ ಆಂಟೆನಾದ ಮಾತು ಕೇಳಿ ಸಾಲದು, ಎಲ್ಲ ಆಂಟೆನಾಗಳನ್ನೂ ಒಟ್ಟಿಗಿಟ್ಟು ನೋಡಬೇಕು. ಧೂಳು ಒಂದು ಕಡೆ ಬಡಿದರೆ ಆ ಕಡೆಯ ಆಂಟೆನಾ ಹೆಚ್ಚು ಬೆಚ್ಚುತ್ತದೆ, ಉಳಿದವು ಕಡಿಮೆ. ನೌಕೆಯೇ ಕೆಮ್ಮಿದರೆ ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಅಲುಗುತ್ತವೆ. ಈ ಸರಳವಾದ ಮಾತನ್ನು ರಾಶಿ ಗೆರೆಗಳ ಮೇಲೆ ಪ್ರಯೋಗಿಸುವುದೆಂದರೆ ಅಕ್ಕಿಯೊಳಗಿನ ಕಲ್ಲನ್ನು ಇಕ್ಕಳದಲ್ಲಿ ಆರಿಸಿದ ಹಾಗೆ. ಮುಖ ಊದಿಸಿಕೊಂಡೇ ಶುರುಮಾಡಿದೆ.

ಕಡ್ಡಿಪೆಟ್ಟಿಗೆ ಹೋದ ಮೇಲೆ ಮಾವ ಪೂರ್ತಿ ಸಾಧುವಾದರು. ಮಧ್ಯಾಹ್ನ ಅಡುಗೆಮನೆಯ ಕಡೆ ತಲೆ ಹಾಕಿ ಕೂಡ ನೋಡಲಿಲ್ಲ. ಊಟವಾದ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಕೆಳಗೆ ನೆರಳಿನಲ್ಲಿ ಎರಡು ಸುತ್ತು ಹಾಕಿ ಬರುತ್ತೇನೆ, ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಹೋಗುತ್ತಿದ್ದರು. ಅತ್ತೆ ಗೆದ್ದ ಸಂಭ್ರಮದಲ್ಲಿದ್ದರು. ಅಭ್ಯಾಸಬಲದಿಂದ ಮಾತ್ರ ರೇಡಿಯೋ ಇಟ್ಟುಕೊಂಡು ಮಲಗುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ ರೇಡಿಯೋ ಚಟ್ ಎಂದಿತು. ಅತ್ತೆ ಎದ್ದು ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ, ಒಲೆ ತಣ್ಣಗಿದೆ, ಲೈಟರು ತೂಗುಹಾಕಿದಲ್ಲೇ ಇದೆ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಅತ್ತೆಗೆ ತಲೆ ಕೆಟ್ಟಿತು. ಮಾವ ಕೆಳಗಿನಿಂದ ಬಂದ ಕೂಡಲೇ, ಎಲ್ಲಿ ಒಲೆ ಹಚ್ಚಿದಿರಿ, ಪಾತ್ರೆ ಎಲ್ಲಿ ಬಚ್ಚಿಟ್ಟಿರಿ ಎಂದು ಹಿಡಿದುಕೊಂಡರು.

ಮಾವ ದೇವರ ಕಟ್ಟೆಯ ಕಡೆ ಕೈ ತೋರಿಸಿದರು. "ಈ ಮನ್ಯಾಗ ನಾ ಒಲಿ ಮುಟ್ಟಿಲ್ಲ. ಬೇಕಾದ್ರ ಆಣಿ ಮಾಡ್ತೀನಿ."

"ಮತ್ತ ಅದು ಹ್ಯಾಂಗ ಚಟ್ ಅಂತು?"

"ಏನು ಚಟ್ ಅಂತು?" ಎಂದರು ಮಾವ.

ಅತ್ತೆ ಬಾಯಿ ಮುಚ್ಚಿಕೊಂಡರು. ಆದರೆ ತಡವಾಗಿತ್ತು. ಮಾವ ಬೆಡ್‌ರೂಮಿಗೆ ಹೋಗಿ ರೇಡಿಯೋ ನೋಡಿದರು, ಅಡುಗೆಮನೆಗೆ ಹೋಗಿ ಲೈಟರು ನೋಡಿದರು, ಲೈಟರು ಒತ್ತಿದರು, ರೇಡಿಯೋ ಕೇಳಿದರು. ಎಲ್ಲ ಅರ್ಥವಾಯಿತು. ಬಂದು ಕುರ್ಚಿಯಲ್ಲಿ ಕೂತು ನನ್ನನ್ನು ಒಮ್ಮೆ ನೋಡಿದರು. ನಾನು ಪರದೆಯ ಮೇಲಿನ ಗೆರೆಗಳಲ್ಲಿ ಬಹಳ ಮುಳುಗಿದವಳ ಹಾಗೆ ಕೂತಿದ್ದೆ. ಸೆಲ್ ತಂದುಕೊಟ್ಟವರು ತಾವೇ ಎಂಬುದು ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತ್ತು ಎಂದು ಗಂಡ ಆಮೇಲೆ ಹೇಳಿದ.

ಅವತ್ತಿನಿಂದ ಮಾವ ಮಾತು ಬಿಟ್ಟರು. ಸಂಜೆಯ ಸಪ್ಪೆ ಚಹಾ ಮುಂದಿಟ್ಟರೆ, ಬೇಡ ಎಂದು ಕೈ ಅಡ್ಡ ಹಿಡಿದರು. ಕುಡಿಯದೆ ಇರುವವನನ್ನು ಕುಡಿದ ಎಂದರೆ ಹೇಗೆ ಎಂಬ ಭಾವ ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಅತ್ತೆ ಹೊರಗೆ ಬಿಗುವಾಗಿದ್ದರೂ ಒಳಗೆ ಅಲುಗಿದ್ದರು. ನಾನು ಆಫೀಸಿಗೆ ಹೊರಟಾಗ ಬಾಗಿಲಿನವರೆಗೂ ಬಂದು, ಆ ರೇಡಿಯೋ ಸುಳ್ಳು ಹೇಳುತ್ತದೆಯೇ ಎಂದು ಕೇಳಿದರು. ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲಿ ಕಿಡಿ ಹಾರಿತು ಎಂದೂ ಹೇಳುವುದಿಲ್ಲ ಎಂದೆ. ಹೇಳಿದ ಮೇಲೆ ಮೆಟ್ಟಿಲು ಇಳಿಯುತ್ತ ನನಗೇ ನಗು ಬಂತು. ಆಫೀಸಿನಲ್ಲಿ ಹಿರಿಯರು ನನಗೆ ಹೇಳಿದ್ದನ್ನೇ ನಾನು ಮನೆಯಲ್ಲಿ ಮಾರಿದ್ದೆ.

ಸಂಜೆ ಬರುವಾಗ ಪ್ರಯೋಗಾಲಯದ ಕಪಾಟಿನಿಂದ ಒಂದು ಪುಟ್ಟ ರೇಡಿಯೋ ಕೇಳಿ ತಂದೆ. ಮರುದಿನ ಮನೆಯಿಂದ ಕೆಲಸ. ಊಟವಾಗಿ ಮಾವ ಎಂದಿನಂತೆ ಮಾತಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಅತ್ತೆಗೆ ಯೋಜನೆ ತಿಳಿಸಿದೆ. ಮಾವನ ಟ್ರಾನ್ಸಿಸ್ಟರ್ ಹಿಡಿದು ಅತ್ತೆ ಅಡುಗೆಮನೆಯಲ್ಲಿ, ಪುಟ್ಟ ರೇಡಿಯೋ ಹಿಡಿದು ನಾನು ಬೆಡ್‌ರೂಮಿನಲ್ಲಿ. ಎರಡರ ಮುಳ್ಳೂ ಖಾಲಿ ಜಾಗದಲ್ಲಿ. ಮೊದಲು ನಮ್ಮ ಲೈಟರನ್ನೇ ಒತ್ತಿ ನೋಡಿದೆವು. ಅತ್ತೆಯ ರೇಡಿಯೋ ಜೋರಾಗಿ, ನನ್ನದು ಸಣ್ಣಗೆ. ಸರಿ ಎಂದು ಕಾಯುತ್ತ ಕೂತೆವು. ನಾನು ಮಂಚದ ಮೇಲೆ ಗೋಡೆಗೆ ಒರಗಿಕೊಂಡು ಕೂತಿದ್ದೆ. ಆ ಗೋಡೆಯಾಚೆ ಪಕ್ಕದ ಫ್ಲ್ಯಾಟಿನ ಅಡುಗೆಮನೆ. ಅಲ್ಲಿರುವುದು ವಯಸ್ಸಾದ ಮರಾಠಿ ದಂಪತಿ. ನಾವು ಅವರನ್ನು ಕಾಕಾ, ಕಾಕೂ ಎನ್ನುತ್ತಿದ್ದೆವು. ಕಾಕೂ ಮಧ್ಯಾಹ್ನ ತಾಳ ಹಿಡಿದುಕೊಂಡು ಭಜನಾ ಮಂಡಳಿಗೆ ಹೋಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿದ್ದ ರೇಡಿಯೋ ಚಟಾರೆಂದಿತು. ಅಡುಗೆಮನೆಯಿಂದ ಅತ್ತೆ, ನನ್ನದು ಒಂಚೂರು ಅಂತು ನೋಡು ಎಂದರು. ಇನ್ನೊಮ್ಮೆ ಚಟಾರ್. ಮೊದಲ ಸಲ ಒಲೆ ಹತ್ತಿರಲಿಲ್ಲ ಅಂತ ಕಾಣುತ್ತದೆ.

ಅತ್ತೆ ಬಂದು ಗೋಡೆಯನ್ನೂ ನನ್ನನ್ನೂ ನೋಡಿದರು. ಕಿಡಿ ಗೋಡೆಯಾಚೆಯದು, ನಮ್ಮ ಒಲೆಗೆ ಸಂಬಂಧವಿಲ್ಲ ಎಂದು ಹೇಳಿದೆ. ಅವರು ಮಂಚದ ತುದಿಯಲ್ಲಿ ಕೂತುಬಿಟ್ಟರು.

"ಪಾಪ, ಸುಮ್ಮ ಸುಮ್ಮನ ಅಂದೆ ನಾ ಅವರಿಗೆ" ಎಂದರು. ಅವರ ದನಿ ಸಣ್ಣದಾಗಿತ್ತು. ಇಷ್ಟು ವರ್ಷದಲ್ಲಿ ಎಂದೂ ಸುಳ್ಳು ಆಣೆ ಮಾಡಿದವರಲ್ಲ, ಆಣೆ ಮಾಡುತ್ತೇನೆ ಎಂದಾಗಲೇ ನಾನು ನಂಬಬೇಕಿತ್ತು ಎಂದೂ ಹೇಳಿದರು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದರು. ನನ್ನ ಕೈಯಲ್ಲಿದ್ದ ರೇಡಿಯೋ ಸಣ್ಣಗೆ ಚಟ್ ಎಂದಿತು. ಶುಂಠಿ ಜಜ್ಜಿದರು, ಹಾಲು ಹಾಕಿದರು, ಸ್ವಲ್ಪ ಯೋಚಿಸಿ ಒಂದು ಚಮಚ ಸಕ್ಕರೆಯನ್ನೂ ಹಾಕಿದರು. ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದು ನನಗೋ ತಮಗೋ ಹೇಳಿಕೊಂಡರು. ಕಪ್ಪು ಬಸಿ ಹಿಡಿದುಕೊಂಡು, ಕೆಳಗೆ ನಡೆಯುತ್ತಿರುವ ಗಂಡನಿಗೆ ಅಲ್ಲೇ ಕೊಟ್ಟು ಬರುತ್ತೇನೆ ಎಂದು ಹೊರಟರು. ಇಂಥ ದೃಶ್ಯವನ್ನು ಬಿಡಬಾರದೆಂದು ನಾನೂ ಹಿಂದೆ ಹೋದೆ.

ಕೆಳಗಿನವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಪಕ್ಕದ ಮನೆಯ ಬಾಗಿಲು ಗಾಳಿಗೆಂದು ತೆರೆದಿತ್ತು, ಹೊರಗಿನ ಜಾಲರಿ ಬಾಗಿಲು ಮಾತ್ರ ಮುಚ್ಚಿತ್ತು. ಅದರ ಮುಂದೆ ಮಾವನ ಚಪ್ಪಲಿ ಜೋಡಿಯಾಗಿ ನಿಂತಿದ್ದವು. ಒಳಗೆ ಊಟದ ಟೇಬಲ್ಲಿನ ಎದುರುಬದುರು ಕಾಕಾ ಮತ್ತು ಮಾವ. ನಡುವೆ ಖಾರಿ ಬಿಸ್ಕೀಟಿನ ತಟ್ಟೆ. ಮಾವ ಖಾರಿಯನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗೆ ಮುಟ್ಟಿಸುವ ಅವಸರದಲ್ಲಿ ಮುಂದೆ ಬಾಗಿದ್ದರು. ಕಣ್ಣೆತ್ತಿದಾಗ ಜಾಲರಿಯಾಚೆ ಅತ್ತೆ. ಖಾರಿ ಮುರಿದು ಕಪ್ಪಿನಲ್ಲಿ ಬಿತ್ತು.

ಮೊದಲು ಎದ್ದವರು ಕಾಕಾ. ಬಾಗಿಲು ತೆರೆದು, "ವಹಿನೀ, ಯಾ ನಾ, ಬಸಾ" ಎಂದು ತೀರ ಉಪಚಾರದಿಂದ ಒಳಗೆ ಕರೆದು ಕುರ್ಚಿ ತೋರಿಸಿದರು. ಅತ್ತೆ ಒಳಗೆ ಹೋದರು. ಕೈಯಲ್ಲಿದ್ದ ಕಪ್ಪನ್ನು ಮಾವನ ಮುಂದೆ, ಅವರ ಕಪ್ಪಿನ ಪಕ್ಕದಲ್ಲಿ ಸದ್ದಾಗದಂತೆ ಇಟ್ಟರು.

"ತಗೋರಿ, ಇದನ್ನೂ ಕುಡೀರಿ. ಆರಿ ಹೋಗ್ತದ."

ಮಾವ ಎರಡೂ ಕಪ್ಪುಗಳನ್ನು ನೋಡಿದರು. ಅತ್ತೆ ತಂದ ಚಹಾದ ಬಣ್ಣ, ವಾಸನೆ ಅವರಿಗೆ ತಿಳಿಯದ್ದೇ? ಅದರಲ್ಲಿ ಸಕ್ಕರೆ ಇದೆ ಎಂದು ಯಾಕೋ ಅವರಿಗೆ ಗೊತ್ತಾಯಿತು ಎಂದೇ ನನಗೆ ಅನ್ನಿಸಿತು. ಮೆಲ್ಲಗೆ ಹೇಳಿದರು.

"ನಾ ಹೇಳಿದ್ನಲ್ಲ. ನಮ್ಮ ಮನ್ಯಾಗ ಒಲಿ ಮುಟ್ಟಿಲ್ಲಂತ."

ಅತ್ತೆ ಬೈಯಬೇಕೆಂದು ಬಾಯಿ ತೆರೆದದ್ದು ನನಗೆ ಕಾಣಿಸಿತು. ಆದರೆ ಬಂದದ್ದು ನಗು. ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ನಿಲ್ಲಲಿಲ್ಲ. ಕಾಕಾಗೆ ಒಂದು ಅಕ್ಷರ ಕನ್ನಡ ಬರುವುದಿಲ್ಲ, ಆದರೂ ಅವರೂ ನಕ್ಕರು. ಅಷ್ಟರಲ್ಲಿ ಕಾಕೂ ಭಜನೆಯಿಂದ ಬಂದರು. ಕಾಕಾಗೆ ಪಿತ್ತದ ತೊಂದರೆ, ಅವರಿಗೂ ಮಧ್ಯಾಹ್ನದ ಚಹಾ ಬಂದ್ ಎಂಬುದು ನಮಗೆ ಆಗ ತಿಳಿಯಿತು. ಕಾಕೂ ತಾಳವನ್ನು ಟೇಬಲ್ಲಿನ ಮೇಲಿಟ್ಟ ರೀತಿಗೆ ಈ ಸಲ ರೇಡಿಯೋ ಬೇಕಾಗಲಿಲ್ಲ, ಕೆಳಗಿನ ಮಹಡಿಗೂ ಕೇಳಿಸಿರಬೇಕು.

ಮುಂದಿನ ಮಾತುಕತೆಯಲ್ಲಿ ಗಂಡಸರಿಗೆ ಪ್ರವೇಶವಿರಲಿಲ್ಲ. ಅತ್ತೆ, ಕಾಕೂ ಇಬ್ಬರೂ ಕಾಕೂನ ಅಡುಗೆಮನೆಯಲ್ಲಿ ಕೂತು ಅರ್ಧ ಮರಾಠಿ ಅರ್ಧ ಕೈಸನ್ನೆಯಲ್ಲಿ ಒಂದು ಒಪ್ಪಂದಕ್ಕೆ ಬಂದರು. ಡಾಕ್ಟರನ್ನೂ ಕೇಳಿದರು. ಇನ್ನು ಮೇಲೆ ಕಾಕೂ ಭಜನೆಯಿಂದ ಬಂದ ಮೇಲೆ ನಾಲ್ವರೂ ಒಟ್ಟಿಗೆ ಚಹಾ, ಒಂದು ದಿನ ಇವರ ಮನೆ, ಒಂದು ದಿನ ಅವರ ಮನೆ. ಅರ್ಧ ಕಪ್ಪು, ಮಾವನದು ಸಪ್ಪೆ, ಕಾಕಾನದು ಹಾಲು ಜಾಸ್ತಿ. ವಾರಕ್ಕೊಮ್ಮೆ ಖಾರಿ. ಮಾವ ಮೊದಲ ದಿನ ಆ ಅರ್ಧ ಕಪ್ಪು ಕುಡಿದು, ಚಹಾ ಚಲೋ ಇದೆ, ಆದರೆ ಮಜಾ ಹೋಯಿತು ಎಂದು ನನ್ನ ಗಂಡನ ಹತ್ತಿರ ಹೇಳಿಕೊಂಡರಂತೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಯಾರಿಂದ ಇಳಿಯಿತು ಎಂಬ ವಿಷಯದಲ್ಲಿ ಅತ್ತೆಗೂ ಮಾವನಿಗೂ ಇವತ್ತಿಗೂ ಒಮ್ಮತವಿಲ್ಲ. ಮಾವ ಕೆಳಗೆ ನಡೆದದ್ದರಿಂದ ಎನ್ನುತ್ತಾರೆ. ನಡೆದದ್ದು ಎಷ್ಟು ಎಂದು ಅತ್ತೆ ಕೇಳುತ್ತಾರೆ.

ನನ್ನ ಗೆರೆಗಳ ರಾಶಿಯನ್ನು ಆರಿಸಿ ಮುಗಿಸುವಷ್ಟರಲ್ಲಿ ಮಳೆಗಾಲ ಬಂದಿತ್ತು. ಹೆಚ್ಚಿನ ಪಾಲು ನೌಕೆಯ ಕೆಮ್ಮೇ ಆಗಿತ್ತು. ಧೂಮಕೇತುವಿನ ಹಾದಿ ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಆದರೆ ಉಳಿದ ಬಡಿತಗಳು ಒಂದು ಆಂಟೆನಾದಲ್ಲಿ ಜೋರು, ಉಳಿದವುಗಳಲ್ಲಿ ಮೆತ್ತಗೆ, ಯಾರು ಕೇಳಿದರೂ ಧೂಳು ಎನ್ನಲು ಅಂಜಿಕೆಯಿರಲಿಲ್ಲ. ಹಿರಿಯರು ಅವನ್ನು ನೋಡಿ ತಲೆಯಾಡಿಸಿ, ಬರೆಯಿರಿ ಎಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ಹಬ್ಬ.

ಆ ಶನಿವಾರ ಚಹಾದ ಸರದಿ ನಮ್ಮ ಮನೆಯದು. ಬಡಿತಗಳನ್ನು ಸದ್ದಾಗಿಸಿದ ತುಣುಕನ್ನು ಕೇಳಿಸುತ್ತೇನೆ ಎಂದು ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟೆ. ಹೊರಗೆ ಜಿಟಿಜಿಟಿ ಮಳೆ. ಬಾಲ್ಕನಿಯ ಬಾಗಿಲು ಮುಚ್ಚಿ ಬಂದು ಗಂಡನೂ ಕೂತ. ಮೊದಲು ಬರೀ ಮರ್ಮರ. ಆಮೇಲೆ ಒಂದು ಟಪ್. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಟಪ್, ಟಪ್. ಕಾಕೂ ಮರಾಠಿಯಲ್ಲಿ, ಒಗ್ಗರಣೆಗೆ ಎಣ್ಣೆ ಸರಿಯಾಗಿ ಕಾದಿಲ್ಲ ಎಂದರು. ಎಲ್ಲ ನಕ್ಕೆವು. ಆದರೆ ನಕ್ಕ ಮೇಲೂ ಎಲ್ಲರೂ ಮುಂದಿನದಕ್ಕೆ ಕಿವಿಗೊಟ್ಟು ಕೂತಿದ್ದರು. ಮಾವ ಕಪ್ಪನ್ನು ಕೆಳಗಿಟ್ಟು, ಈಗ ಬಡಿದದ್ದು ಎಷ್ಟು ಹಳೆಯದು ಎಂದು ಕೇಳಿದರು. ಕೆಲವು ಧೂಮಕೇತುವಿನ ಮೈಯಿಂದ ಉದುರಿದವು, ಕೆಲವು ಕ್ಷುದ್ರಗ್ರಹಗಳು ಒಂದಕ್ಕೊಂದು ತಾಗಿ ಪುಡಿಯಾದವು, ಆ ವಸ್ತು ನಮ್ಮ ಭೂಮಿಯಷ್ಟೇ ಹಳೆಯದು ಎಂದೆ. ಅವರು ತಲೆಯಾಡಿಸಿ, ಅಷ್ಟು ಕಾಲ ಅಲೆದಾಡಿ ಬಂದು ಕಡೆಗೆ ಒಂದು ಟಪ್ ಎಂದಿತು ಎಂದು ತಮ್ಮಷ್ಟಕ್ಕೇ ಹೇಳಿದರು.

ತುಣುಕು ಮುಗಿಯಿತು. ಅತ್ತೆ ನನ್ನ ಮೊಣಕೈ ಹಿಡಿದು, "ಇನ್ನೊಮ್ಮೆ ಹಚ್ಚವಾ" ಎಂದರು. ಹಚ್ಚಿದೆ. ಆ ಹೊತ್ತಿಗೇ ಕರೆಗಂಟೆ ಸದ್ದಾಯಿತು, ಇಸ್ತ್ರಿ ಬಟ್ಟೆ ಬಂದಿತ್ತು. ಎಲ್ಲರೂ ಒಟ್ಟಿಗೆ ಶ್ ಎಂದರು. ಇಸ್ತ್ರಿಯವನಿಗೆ ನಿಲ್ಲು ಎಂದು ಸನ್ನೆ ಮಾಡಲು ಬಾಗಿಲಿಗೆ ಹೋದವಳು ನಾನೊಬ್ಬಳೇ.